ಹಸಿವಿಲ್ಲದ ಓವನ್

ಮಾರ್ಚ್ 3
ಬೆಳಗಿನ ಬ್ರೆಡ್ ಎಲ್ಲ ಖಾಲಿ. ಹುಳಿಹಿಟ್ಟಿನ ಜಾಡಿಗೆ ಹಿಟ್ಟು, ನೀರು ಹಾಕಿ ಕಲಸಿದೆ. ಬೇಕರಿ ಶುರುವಾದಾಗಿನಿಂದ ಮಾವ ಸಾಕಿದ, ಬ್ರೆಡ್ ಉಬ್ಬಿಸುವ ಜೀವಂತ ಹುಳಿ; ದಿನಾ ಹಿಟ್ಟು-ನೀರಿನ ಊಟ ಬೇಕು. ನಮ್ಮ ಬ್ರೆಡ್ಡಿನ ರುಚಿಯೆಲ್ಲ ಅದರದ್ದೇ. ನಾಳೆಯಿಂದ ಅಂಗಡಿಗೆ ಪೇಂಟಿಂಗ್, ನಾನು ಅಮ್ಮನ ಮನೆಗೆ. ಜಾಡಿ ನಾದಿನಿಯ ಪಾಲಿಗೆ.

"ಚಿಂತೆ ಬಿಡಿ ಅತ್ತಿಗೆ. ದಿನಾ ಊಟ ಹಾಕೋಕೆ ನೆನಪಿಸು ಅಂತ ಓವನ್‌ಗೇ ಹೇಳಿದೀನಿ."

ಹೊಸ ಎಐ ಓವನ್. ಕ್ಯಾಮೆರಾ ಇದೆ, ಮಾತೂ ಆಡುತ್ತದೆ. ಇವಳಿಗಿಂತ ಅದನ್ನೇ ನಂಬಬಹುದು.

ಮಾರ್ಚ್ 12
ಬಂದೆ. ಪೇಂಟರ್ ಮೊದಲ ದಿನವೇ ಮೇನ್ ಸ್ವಿಚ್ ಆಫ್ ಮಾಡಿದ್ದಾನೆ. ಓವನ್ ನೆನಪಿಸಲಿಲ್ಲ, ನಾದಿನಿಗೆ ನೆನಪಾಗಲಿಲ್ಲ. ಜಾಡಿಯಲ್ಲಿ ಬೂದು ನೀರು, ಮೂಗಿಗೆ ಹೊಡೆಯುವ ವಾಸನೆ.

ಸ್ವಿಚ್ ಹಾಕಿದೆವು. "ಶುಭೋದಯ. ಹುಳಿಗೆ ಊಟ ಹಾಕುವ ಸಮಯ," ಎಂದಿತು ಓವನ್. ಏನೂ ಆಗಿಲ್ಲವೆಂಬಂತೆ. ಅದಕ್ಕೆ ನಿಜಕ್ಕೂ ಏನೂ ಆಗಿಲ್ಲ. ವರ್ಷ ಬಿಟ್ಟು ಹಾಕಿದ್ದರೂ ಇದೇ ಮಾತು.

"ಇದಕ್ಕೆ ಬ್ಯಾಕಪ್ ಇಲ್ವಾ ಅತ್ತಿಗೆ?" ನಾದಿನಿಯದು ಅಳುಮುಖ.

"ಇತ್ತಲ್ಲ. ನೀನು ದಿನಾ ಹಾಕಬೇಕಿದ್ದ ಹಿಟ್ಟು."

ಮಾವ ಜಾಡಿ ಮೂಸಿದರು. "ಭಾನುವಾರದವರೆಗೆ ನೋಡಮ್ಮ. ಉಬ್ಬಲಿಲ್ಲ ಅಂದ್ರೆ ಪ್ಯಾಕೆಟ್ ಯೀಸ್ಟು. ಅಂಗಡಿ ಮುಚ್ಚೋಕಾಗಲ್ಲ."

ಉಬ್ಬುತ್ತದೆ. ಬೂದು ನೀರೆಂದರೆ ಹಸಿವು. ಸಾವಲ್ಲ.

ಮಾರ್ಚ್ 13
ನೀರು ಬಸಿದು, ತಳದಿಂದ ಒಂದು ಚಮಚ ತೆಗೆದು ಊಟ ಹಾಕಿದೆ. ಗುಳ್ಳೆ ಇಲ್ಲ. ನಾದಿನಿ ಜಾಡಿಯನ್ನು ಕ್ಯಾಮೆರಾಕ್ಕೆ ತೋರಿಸಿದಳು.

"ಚಟುವಟಿಕೆ ಕಾಣುತ್ತಿಲ್ಲ. ಹೊಸದು ಶುರು ಮಾಡಿ."

ಓವನ್‌ನ ತಪ್ಪಲ್ಲ, ಕಂಡದ್ದು ಹೇಳಿತು. ಆದರೆ ಹುಳಿ ಉಳಿದರೂ ಹೋದರೂ ಅದಕ್ಕೆ ಒಂದೇ. ತಾನು ಉಳಿದರೂ ಹೋದರೂ ಒಂದೇ. ಜಾಡಿಯೊಳಗಿನದಕ್ಕೆ ಹಾಗಲ್ಲ — ತಿನ್ನದಿದ್ದರೆ ಅದು ಇಲ್ಲ. ವ್ಯತ್ಯಾಸ ಬುದ್ಧಿಯದ್ದಲ್ಲ. ಈ ಹಿಟ್ಟಿಗೆ ಎಲ್ಲಿಯ ಬುದ್ಧಿ?

ಇನ್ನೊಂದು ಸಲ ಊಟ ಹಾಕಿದೆ.

ಮಾರ್ಚ್ 15, ಭಾನುವಾರ
ಮೊನ್ನೆಯಿಂದ ನಾದಿನಿ ಜಾಡಿಯನ್ನು ತನ್ನ ಶಾಲಿನಲ್ಲಿ ಸುತ್ತಿ ಬೆಚ್ಚಗಿಟ್ಟಿದ್ದಾಳೆ. ಕೇಳದೆಯೇ ಊಟವನ್ನೂ ಹಾಕುತ್ತಾಳೆ.

"ಮರಿ ಮಾಡಿಸ್ತೀಯೇನೇ ಅದನ್ನ?" ಮಾವ ನಕ್ಕರು. ಆದರೂ ಯೀಸ್ಟ್ ಪ್ಯಾಕೆಟ್ ಮೇಜಿನ ಮೇಲಿದೆ. ಪಕ್ಕದಲ್ಲಿ ಕತ್ತರಿ.

ಅಲ್ಲೇ ಕೂತು ಬರೆಯುತ್ತಿದ್ದೇನೆ. ಜಾಡಿಗೆ ಗುರುತಿಗೆಂದು ಹಾಕಿದ ರಬ್ಬರ್ ಬ್ಯಾಂಡಿಗಿಂತ ಹಿಟ್ಟು ಬೆರಳಷ್ಟು ಮೇಲೆ... ಇಲ್ಲ, ಇನ್ನೂ ಮೇಲೆ...

"ಅತ್ತಿಗೆ! ಮುಚ್ಚಳ!"

ಮಾವ ಕತ್ತರಿಯನ್ನು ಡ್ರಾಯರಿಗೆ ಹಾಕಿದರು. ಶಾಲಿನ ತುಂಬ ಹಿಟ್ಟು, ಮೇಜಿಗೂ ಇಳಿಯುತ್ತಿದೆ, ಒರೆಸೋ ಬಟ್ಟೆ ಎಲ್ಲಿ—