ರಾಜಾ ರಣಶೇಖರ ಸಾಯಬೇಕೆ, ಬೇಡವೆ

ಹದಿನಾರು,
ನಂಜನಗೂಡು ತಾಲ್ಲೂಕು
12-2-2025

ಹೆಮ್ಮಿಗೆಯಲ್ಲಿ ನೆರೆದಿರುವ ಸಕಲ ಸಭಿಕರೇ, ಸಭೆಗೆ ಕಳಶಪ್ರಾಯರಾಗಿ ನಡುಮನೆಯ ಚಾಪೆಯ ಮೇಲೆ ಕಾಲು ನೀಡಿ ಕುಳಿತಿರುವ ಹಿರಿಯಕ್ಕ ಚಿಕ್ಕಮಾದಮ್ಮನವರೇ, ಟೀವಿಯಿಂದ ಕಣ್ಣು ಕೀಳದ ಭಾವನವರೇ, ಕಿಟಕಿಯಾಚೆ ಮೆಲುಕು ಹಾಕುತ್ತಿರುವ ಎರಡು ಎಮ್ಮೆಗಳೇ,

ಹದಿನಾರು ಗ್ರಾಮದ ನಾಟಕಕರ್ತ, ಪ್ರಾಸದಲ್ಲಿ ಸಮರ್ಥ, ಪಂಚಾಯಿತಿ ಗ್ರಂಥಾಲಯದಲ್ಲಿ ಕುಳಿತೇ ಸವೆದ ಅನರ್ಥ, ಚೆಲುವರಾಜುವಿನ ನಮಸ್ಕಾರಗಳು. ಘನ ಸಭೆಯ ಮುಂದೆ ಈ ದಿನ ಒಂದು ಮೊಕದ್ದಮೆ ಇದೆ. ರಾಜಾ ರಣಶೇಖರ ಸಾಯಬೇಕೆ, ಬದುಕಬೇಕೆ? ಅವ್ವ ಹೋದ ಮೇಲೆ ನಮ್ಮ ಮನೆಯ ತಕರಾರುಗಳೆಲ್ಲ ನಿನ್ನ ಕೋರ್ಟಿಗೇ ಬಂದಿವೆ. ಇದೂ ಬರಲಿ.

ಫೋನು ಮಾಡಬಹುದಿತ್ತಲ್ಲೋ ಎನ್ನುತ್ತೀಯ. ಫೋನಿನಲ್ಲಿ ನಾನು ಎರಡನೇ ಪ್ರಾಸ ಹಾಕುವಷ್ಟರಲ್ಲಿ ನೀನು ಕಟ್ ಮಾಡುತ್ತೀಯ. ಕಾಗದವನ್ನಾದರೆ ಹರಿದು ಒಲೆಗೆ ಹಾಕಬೇಕು, ಅದಕ್ಕೆ ಎದ್ದು ಹೋಗಬೇಕು, ನಿನಗೆ ಮಂಡಿನೋವು.

ಸಂಗತಿ ಇಷ್ಟು. ಬರುವ ಇಪ್ಪತ್ತೆರಡನೇ ತಾರೀಕು ಶನಿವಾರ ನಮ್ಮೂರ ಹುಡುಗರ ನಾಟಕ. ಹುಡುಗರು ಎಂದರೆ ಎಲ್ಲರೂ ಐವತ್ತು ದಾಟಿದವರು. ಈ ಸಲ ಹಳೆಯ ಪುಸ್ತಕ ಬೇಡ, ಚೆಲುವರಾಜುವೇ ಬರೆಯಲಿ ಎಂದು ತೀರ್ಮಾನಿಸಿದರು. ಬರೆದೆ. ಕಥೆ ಸಣ್ಣದು. ವೈರಿ ಕೋಟೆ ಮುತ್ತಿದ್ದಾನೆ, ರಾಜನ ತಲೆ ಕೊಡಿ ಇಲ್ಲವೇ ಊರಿಗೆ ಬೆಂಕಿ ಇಡುತ್ತೇನೆ ಎನ್ನುತ್ತಾನೆ. ಪ್ರಜೆಗಳು ಬೇಡವೆಂದರೂ ಕೇಳದೆ ರಣಶೇಖರ ತಾನೇ ಬಾಗಿಲ ಅಗುಳಿ ತೆಗೆದು ಒಬ್ಬನೇ ಹೊರಗೆ ನಡೆಯುತ್ತಾನೆ. ಇಲ್ಲಿಯವರೆಗೆ ದೀಪಾವಳಿಯ ಹೊತ್ತಿಗೇ ಮುಗಿದಿತ್ತು. ಉಳಿದದ್ದು ಒಂದೇ ಕತ್ತಿಯೇಟು. ಎರಡು ತಿಂಗಳಿನಿಂದ ಆ ಏಟು ನನ್ನ ಕೈಯಲ್ಲಿ ಬೀಳುತ್ತಿಲ್ಲ.

ರಾಜನ ಪಾರ್ಟು ಯಾರದು ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ರಂಗಸ್ವಾಮಿ ಅಣ್ಣ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುವಾಗ ಬಿಟ್ಟರೆ ಉಳಿದಂತೆ ರಾಜನೇ ಅಲ್ಲವೆ? ಈ ಸಲ ಕಂಠ ಕಾಪಾಡಿಕೊಳ್ಳಬೇಕು ಅಂತ ಸಂಕ್ರಾಂತಿಗೂ ಮುಂಚಿನಿಂದ ಬರೀ ಗಂಜಿ ಕುಡಿಯುತ್ತಿದ್ದಾನೆ. ಮುದ್ದೆ ಮುಟ್ಟುವುದಿಲ್ಲ. ಕಿರೀಟ ಕಿವಿಯವರೆಗೆ ಜಾರುತ್ತದೆ, ಒಳಗೆ ಪೇಪರು ತುರುಕಿದ್ದೇವೆ. ತಾಂಡವಪುರದಿಂದ ಬರುವ ಹಾರ್ಮೋನಿಯಂ ಮೇಷ್ಟ್ರು ಚಾಮಯ್ಯನವರು ಯಾರಿಗೂ ಹೇಳದೆ ಅವನ ಗಂಟಲಿಗೆ ಎಟುಕುವಂತೆ ಶ್ರುತಿಯನ್ನು ಒಂದೂವರೆ ಮನೆ ಇಳಿಸಿದರು.

ಇನ್ನು ನಮ್ಮೂರ ಕಟ್ಟಳೆ. ಮದುವೆಯಾಗಿ ಹೋದವಳು, ಮರೆತಿರಬಹುದು. ನಾಟಕದಲ್ಲಿ ಸಾಯುವವನ ಹೆಂಡತಿ ಆ ಸೀನಿಗೆ ಮುಂಚೆ ಚಪ್ಪರದಿಂದ ಎದ್ದು ಹೋಗಬೇಕು. ಗಂಡ ಬಣ್ಣ ತೊಳೆದು ಎದುರು ನಿಂತ ಮೇಲೆಯೇ ಮುಖ ನೋಡಬೇಕು. ನಮ್ಮ ರಾಮಮ್ಮತ್ತಿಗೆ ಈ ಮನೆಗೆ ಬಂದು ಮೂವತ್ತು ವರ್ಷ. ಅಣ್ಣ ಹತ್ತೊಂಬತ್ತು ಸಲ ಸತ್ತಿದ್ದಾನೆ, ಅತ್ತಿಗೆ ಒಂದನ್ನೂ ನೋಡಿಲ್ಲ. ಮಾರಿಗುಡಿಯ ಜಗಲಿಯ ಮೇಲೆ ಕೂತು ಶಿಳ್ಳೆ ಎಣಿಸುತ್ತಾಳೆ. ಶಿಳ್ಳೆ ಜೋರಾಗಿದ್ದರೆ ಗಂಡ ಚೆನ್ನಾಗಿ ಸತ್ತ ಅಂತ ಸಮಾಧಾನ.

ಈಗ ನನ್ನ ಅಪರಾಧ. ಹೋದ ವಾರ ನಾನು ಯಾರನ್ನೂ ಕೇಳದೆ ಕೊನೆಯನ್ನು ಬದಲಾಯಿಸಿ ಚಾಮಯ್ಯನವರ ಕೈಗೆ ಕೊಟ್ಟುಬಿಟ್ಟೆ. ವೈರಿರಾಜ ರಣಶೇಖರನ ತ್ಯಾಗ ಕಂಡು ಕರಗಿ, ಕತ್ತಿ ಬಿಸುಟು, ಕಾಲಿಗೆ ಬಿದ್ದು, ಕೋಟೆ ವಾಪಸು ಕೊಟ್ಟು, ಮಂಗಳ. ಸಂಜೆ ಪ್ರಾಕ್ಟೀಸಿನಲ್ಲಿ ಅಣ್ಣ ಕಣ್ಣು ಮುಚ್ಚಿ, ಕತ್ತು ಬಾಗಿಸಿ, ಏಟಿಗೆ ಕಾದು ನಿಂತಿದ್ದ. ಏಟು ಬರಲಿಲ್ಲ. ವೈರಿರಾಜನ ಪಾರ್ಟಿನ ಕುಮಾರ, ಅದೇ ನಮ್ಮ ಸೊಸೈಟಿ ಕುಮಾರ, ದಬಕ್ಕೆಂದು ಕಾಲಿಗೆ ಬಿದ್ದ. ಅಣ್ಣ ಒಂದು ಕಣ್ಣು ತೆರೆದು, "ಏನ್ಲಾ ಇದು, ಏಳ್ಲಾ ಮೇಲೆ" ಅಂದ. ಕುಮಾರ ಬಿದ್ದಲ್ಲಿಂದಲೇ, "ಬುಕ್ನಾಗೆ ಅಂಗೇ ಬರ್ದದೆ ಕಣಣ್ಣೋ, ನೀನ್ ಗೆದ್ದೆ" ಅಂದ.

ಎಲ್ಲರೂ ನಗುತ್ತಿದ್ದರು. ಅಣ್ಣ ನಗಲಿಲ್ಲ. ಕಿರೀಟ ತೆಗೆದು ಹಾರ್ಮೋನಿಯಂ ಮೇಲಿಟ್ಟು ನನ್ನ ಹತ್ತಿರ ಬಂದ. "ಯಾರ್ಲಾ ಕೇಳಿದ್ರು ನಿನ್ನ, ನನ್ನ ಬದುಕ್ಸು ಅಂತ?"

ನಾನು ಏನೋ ಹೇಳಹೋದೆ. ಜನ ಈಗ ಸುಖಾಂತ ಕೇಳುತ್ತಾರೆ ಅಂದೆ. "ಜನುಕ್ಕೆ ಏನ್ ಗೊತ್ತದೆ? ಬಾಗ್ಲು ತಗ್ದು ಒಂಟವ್ನು ವಾಪಸ್ ಬಂದ್ರೆ ಅವ್ನು ವಾಕಿಂಗ್ ಓಗಿದ್ದ ಅಂತಾರೆ" ಅಂದ. ಮತ್ತೆ ನಗು. ಅಷ್ಟಕ್ಕೆ ಅವನಿಗೆ ಕೆಮ್ಮು ಬಂತು, ಜಗಲಿಯ ಮೇಲೆ ಕುಳಿತುಬಿಟ್ಟ.

ಊರು ಈಗ ಎರಡು ಪಾಲು. ಚಾಮಯ್ಯನವರು ಸಾವಿನ ಪಕ್ಷ. ಸಾಯದಿದ್ದರೆ ಶೋಕದ ಮುಖಾರಿ ರಾಗ ಹಾಡಲು ಜಾಗವಿಲ್ಲವಂತೆ. ಕುಮಾರ ಬದುಕಿನ ಪಕ್ಷ. ಕೊಂದರೆ ತನ್ನ ಹೆಂಡತಿಯ ತವರಿನವರು ತನ್ನನ್ನು ಕೆಟ್ಟವನೆಂದುಕೊಳ್ಳುತ್ತಾರಂತೆ. ನಾನು ಯಾವ ಪಕ್ಷವೂ ಅಲ್ಲ, ಎರಡರ ನಡುವೆ ಊಟ ಸೇರದೆ ಬರೀ ಉಪವಾಸ.

ಅಣ್ಣ ಮಾರನೆಯ ದಿನ ಗ್ರಂಥಾಲಯಕ್ಕೇ ಬಂದ. ಪೇಪರು ಓದುತ್ತಿದ್ದವರು ಎದ್ದು ಹೋಗುವವರೆಗೆ ಕಾದಿದ್ದು ಹೇಳಿದ. "ಚೆಲುವ, ಚೆನ್ನಾಗಿ ಸಾಯ್ಸು ಕಣ್ಲಾ. ಇನ್ನೊಂದು ಮಾತು. ನಿಮ್ಮತ್ಗೆನ ಈ ಸಲ ಎಬ್ಬುಸ್ಬ್ಯಾಡ. ಮುಂದ್ಗಡೆ ಕುರ್ಚಿಲಿ ಕೂರ್ಸು. ಒಂದ್ಸಲ ನೋಡ್ಲಿ. ಬಿದ್ದಿದ್ದೋನು ಎದ್ದು ಮಂಗಳಾರ್ತಿಗೆ ಬರೋದೂ ನೋಡ್ಲಿ." ಊರವರು ಏನೆನ್ನುತ್ತಾರೆ ಅಂದೆ. "ಊರೋರ್ಗೆ ನಾನ್ ಏಳ್ಕೋತೀನಿ. ಅವಳ್ಗೆ ನೀನ್ ಏಳು. ನನ್ ಕೈಲಿ ಆಗಕಿಲ್ಲ" ಅಂದ.

ನನ್ನ ಕೈಲೂ ಆಗಲಿಲ್ಲ. ಅಂದಿನಿಂದ ರಾಜನ ಕೊನೆಯ ಪದ್ಯದ ಮುಂದೆ ಕೂತಿದ್ದೇನೆ.

ಬಿಟ್ಟೆನು ಕೋಟೆಯ, ಬಿಟ್ಟೆನು ಪೇಟೆಯ,
ಕಟ್ಟಿದ ಕತ್ತಿಯ ಕಳಚಿದೆನು;
ಪಟ್ಟದ ರಾಣಿಯೆ, ಪಯಣದ ವೇಳೆಗೆ

ಇಲ್ಲಿಗೆ ನಿಂತಿದೆ. ಕೊಟ್ಟೆನು, ಇಟ್ಟೆನು, ಸುಟ್ಟೆನು ಎಲ್ಲವೂ ಪ್ರಾಸಕ್ಕೆ ಸರಿ. ಆದರೆ ಹೆಂಡತಿಗೆ ಹೇಳುವ ಮಾತು ಒಂದೂ ಅಲ್ಲ. ಹಿಂದೆ ನೀನು ನನ್ನ ಪದ್ಯ ಕೇಳಿ, "ಪ್ರಾಸ ಸಿಕ್ತು ಅಂತ ಅರ್ಥ ಮಾರ್ಕೊಂಡ್ಯೇನೋ" ಎನ್ನುತ್ತಿದ್ದೆಯಲ್ಲ, ಈಗ ಮಾರಿಕೊಳ್ಳುವುದಕ್ಕೂ ತ್ರಾಣವಿಲ್ಲ. ಬಿ.ಎ. ಓದುವಾಗ ದುರಂತ ನಾಯಕನ ಲಕ್ಷಣಗಳು ಅಂತ ಐದು ಅಂಕದ ಪ್ರಶ್ನೆಗೆ ಎರಡು ಪುಟ ಬರೆದವನು ನಾನು. ಅವನ ದೋಷ, ಅವನ ಧೀರತೆ, ಅವನ ಪತನ. ಅವನನ್ನು ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವ ತಮ್ಮ ಏನು ಮಾಡಬೇಕು ಅಂತ ಮಾತ್ರ ಆ ನೋಟ್ಸಿನಲ್ಲಿ ಇರಲಿಲ್ಲ.

ಆದ್ದರಿಂದ ಮಹಾಸಭೆಯು ಸಾಧಕ ಬಾಧಕಗಳನ್ನು ತೂಗಿ, ರಾಜನ ಪ್ರಾಣದ ಬಗ್ಗೆ

ಅಕ್ಕ, ಸಾಕು. ಅಣ್ಣನಿಗೆ ಅನ್ನನಾಳದಲ್ಲಿ ಕ್ಯಾನ್ಸರ್. ಡಿಸೆಂಬರಿನಲ್ಲಿ ಮೈಸೂರಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಆಪರೇಷನ್ನಿನ ಹಂತ ದಾಟಿದೆಯಂತೆ. ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರೆ ನುಂಗಲು ಸ್ವಲ್ಪ ಸುಲಭವಾಗಬಹುದು, ಇನ್ನು ಆರೇಳು ತಿಂಗಳು ಅಂದರು. ನಾಟಕ ಆಗುವವರೆಗೆ ಅದೂ ಬೇಡ ಅಂದ. ನಿನಗೂ ಅತ್ತಿಗೆಗೂ ಹೇಳಬಾರದು ಅಂತ ನಂಜುಂಡೇಶ್ವರನ ಮೇಲೆ ಆಣೆ ಇಡಿಸಿಕೊಂಡ. ಆ ರಿಪೋರ್ಟು ಎರಡು ತಿಂಗಳಿನಿಂದ ಗ್ರಂಥಾಲಯದ ಬೀರುವಿನಲ್ಲಿದೆ. ಆಣೆ ಮುರಿದಿದ್ದೇನೆ. ಒಬ್ಬನೇ ಹೊರಲು ಆಗುತ್ತಿಲ್ಲ.

ನಿನ್ನ ತಮ್ಮ,
ಚೆಲುವ

ಮರೆತ ಮಾತು: ಕವರು ಅಂಟಿಸಿರಲಿಲ್ಲ. ಈ ದಿನ ಬೆಳಿಗ್ಗೆ, ಹದಿಮೂರರಂದು, ಬೀಗ ತೆಗೆಯುವ ಹೊತ್ತಿಗೆ ಅತ್ತಿಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದಳು. ನಾನಾಗಿ ಏನೂ ಹೇಳಲಿಲ್ಲ, ಅದು ಸತ್ಯ. ಅವಳೇ, "ಕೊನೆ ಸೀನ್ಗೆ ನನ್ನ ಎಬ್ಬುಸ್ಬ್ಯಾಡ ಕಣಪ್ಪ, ಕೂತಿರ್ತೀನಿ" ಅಂದಳು. ಅಣ್ಣ ಹೇಳಿದನಾ ಅಂತ ಕೇಳಿದೆ. "ಅವ್ರು ಏನ್ ಏಳಾರು? ಅವ್ರು ಕೆಮ್ಮಿದ್ ಟವಲ್ ಒಗ್ಯೋಳು ನಾನು" ಅಂದಳು. ಏಳುವಾಗ ಸೆರಗು ಸರಿಮಾಡಿಕೊಂಡು, "ನಂಗೆ ಗೊತ್ತು ಅಂತ ನಿಮ್ಮಣ್ಣಂಗೆ ಏಳ್ಬ್ಯಾಡ. ಪಾರ್ಟು ಕೆಡ್ತದೆ" ಅಂದಳು. ನೀನು ನಾಟಕದ ಹಿಂದಿನ ದಿನ, ಶುಕ್ರವಾರವೇ ಬಾ. ನಾಟಕ ನೋಡೋಕೆ ಬಂದೆ ಅನ್ನು. ಅವಳ ಪಕ್ಕದ ಕುರ್ಚಿ ನಿನಗೆ.