ಹನ್ನೊಂದು ಪದಕ್ಕೆ ಹನ್ನೊಂದು ಸಾಲು

ಅಕ್ಟೋಬರ್ ೧೪, ಮಂಗಳವಾರ, ವಾಕಡ, ಪುಣೆ

ಆಡಿಯೊ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಿದ್ದಕ್ಕೆ ಮಧ್ಯಾಹ್ನವೆಲ್ಲ ನನ್ನನ್ನೇ ಬೈದುಕೊಂಡೆ. ಅದಕ್ಕೆ ಹಾಕಿದ್ದು, ಮೈಲಾರಲಿಂಗನ ಕ್ಷೇತ್ರವಾದ ಜೇಜುರಿಯ ವಸತಿಯಲ್ಲಿ ಕೂತು ದೊಡ್ಡವ್ವ ಹಾಡಿದ ಅವನ ಪದಗಳನ್ನು, ಒಟ್ಟು ಹನ್ನೊಂದು. ಅವಳ ಹಿಂದೆ ಕೂತು ಸೊಲ್ಲು ಹಿಡಿದವಳು ಈಗ ಇಲ್ಲದ ನನ್ನ ಅವ್ವ. ಅವಳ ದನಿ ಉಳಿದಿರುವುದು ಇದರಲ್ಲಿ ಮಾತ್ರ. ಆಗ ರೆಕಾರ್ಡ್ ಮಾಡಿದ ಕ್ಯಾಸೆಟ್ಟಿನ ಟೇಪು ಹರಿದುಹೋಗಿದೆ, ಕಂಪ್ಯೂಟರಿನಲ್ಲಿದ್ದುದಕ್ಕೆ ಇನ್ನೊಂದು ಪ್ರತಿಯನ್ನೂ ನಾನು ಮಾಡಿಟ್ಟಿರಲಿಲ್ಲ.

ಸಾಫ್ಟ್‌ವೇರ್ ಒಂದು ಪದದ ಹಿನ್ನೆಲೆಯ ಗದ್ದಲ ತೆಗೆದು ಮುಗಿಸಿದರೆ ಟರ್ಮಿನಲ್ ಪರದೆಯಲ್ಲಿ ಒಂದು ಸಾಲು ಬರಬೇಕು. ದೊಡ್ಡವ್ವನಿಗೆ ಓದಲು ಬಾರದು. ಪಕ್ಕದಲ್ಲಿ ಕೂತು, ಸಾಲು ಬಂದಾಗಲೆಲ್ಲ ತಟ್ಟೆಯಲ್ಲಿ ಒಂದು ಜೋಳದ ಕಾಳು ಇಡುತ್ತಾಳೆ. ಹಾಡುವಾಗಲೂ ಲೆಕ್ಕ ತಪ್ಪದಿರಲೆಂದು ಹೀಗೇ ಇಡುತ್ತಿದ್ದರಂತೆ. ಇವತ್ತು ನೂರಾರು ಸಾಲು ಓಡಿದವು. ಪದಗಳೆಲ್ಲ ಕೆಟ್ಟುಹೋದವು ಎಂದುಕೊಂಡೆ. ಅವಳು ಕಾಳು ಇಡುತ್ತಲೇ ಇದ್ದಳು.

ಸಂಜೆ ಗೊತ್ತಾಯಿತು. ಆ ಸಾಲುಗಳು, ಸಾಫ್ಟ್‌ವೇರಿನ ತಯಾರಕರು ತಮ್ಮ ಪರೀಕ್ಷೆಗೆಂದು ಹಾಕಿಕೊಂಡು ತೆಗೆಯಲು ಮರೆತ ಡೀಬಗ್ ಸಂದೇಶಗಳು, ಅಷ್ಟೇ. ಹನ್ನೊಂದನ್ನೂ ಕೂತು ಕೇಳಿದೆ. ಏಳನೆಯ ಪದದಲ್ಲಿ ಅವ್ವನ ಕೆಮ್ಮು ಕೂಡ ಹಾಗೇ ಇದೆ. ಎರಡು ಕಡೆ ಪ್ರತಿ ಮಾಡಿಟ್ಟು, ಸಂದೇಶಗಳ ಬಾಯಿ ಮುಚ್ಚಿಸಿ, ಮತ್ತೆ ಓಡಿಸಿದೆ. ಹನ್ನೊಂದೇ ಸಾಲು.

ದೊಡ್ಡವ್ವನ ಮುಖ ಮಾತ್ರ ಸಪ್ಪಗಾಯಿತು.

“ಮಧ್ಯಾಹ್ನ ಭಾಳ ಬಂದಿದ್ವಲ್ಲೋ ಮಾಂತು. ನಿಮ್ಮವ್ವ ನನಗ ಹೇಳಲಾರದ ಇನ್ನೂ ಪದ ಹಾಡಿಟ್ಟಾಳ ಅಂತ ತಿಳಕೊಂಡಿದ್ದೆ.”

ತಟ್ಟೆಯ ಜೋಳವನ್ನು ಅವಳು ಇನ್ನೂ ಡಬ್ಬಿಗೆ ಸುರಿದಿಲ್ಲ. ಸುರಿ ಎಂದು ನಾನೂ ಹೇಳಲಿಲ್ಲ.