ಮಹಡಿಯಿಂದ ಬರುವ ಪ್ರಶ್ನೆ

ಅಬ್ಬಿಗೆರೆ
ಭಾನುವಾರ ಬೆಳಿಗ್ಗೆ

ಪ್ರೀತಿಯ ದಾಕ್ಷಕ್ಕ,

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಪಾಟಿನ ಮೇಲಿನ ಹಳೆಯ ಲ್ಯಾಪ್‌ಟಾಪಿನ ಧೂಳು ಒರೆಸುವಾಗ ಪರದೆಯ ಕೊನೆಯ ಸಾಲು ಕಣ್ಣಿಗೆ ಬಿತ್ತು. 'ಮಹಡಿ, 7.20.' ಅದರ ಮೇಲೆ ನಿನ್ನೆಯದು, 'ಮಹಡಿ, 5.47.' ಮೊನ್ನೆಯದು 6.12. ನೀವು ಧಾರವಾಡಕ್ಕೆ ಹೋದಮೇಲೆ ನಮ್ಮ ಮಹಡಿ ಮನೆ ಖಾಲಿ ಬಿದ್ದು ಎರಡು ವರ್ಷವಾಯಿತು.

ಆ ಲ್ಯಾಪ್‌ಟಾಪನ್ನು ಆರಿಸಿ ಎತ್ತಿಡಲೆಂದೇ ಅಜ್ಜಿ ನನ್ನನ್ನು ಎಬ್ಬಿಸಿದ್ದಳು. "ನಲ್ಲೀಲಿ ದಿನಾ ನೀರ್ ಬತ್ತೈತೆ. ಇನ್ಯಾಕಮ್ಮಿ ಇದು ಇಂಗೆ ಗೊರ್ ಅಂತ ಕುಂತೈತೆ? ಎತ್ತು, ಉಪ್ಪಿನಕಾಯಿ ಜಾಡಿ ಇಡ್ಬೇಕು." ನಮ್ಮ ಬೀದಿಗೆ ಹೊಸ ಪೈಪು ಬಂದು ಏಳು ತಿಂಗಳಾಗಿದೆ ಅಕ್ಕ.

ನೀವು ಸೋಲದೇವನಹಳ್ಳಿಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸಲು ಬಂದು ನಮ್ಮ ಮಹಡಿ ಬಾಡಿಗೆಗೆ ಹಿಡಿದಾಗ ನಾನು ಕನ್ನಡ ಎಂ.ಎ. ಮುಗಿಸಿ ಕಿಟಕಿಯ ಪಕ್ಕ ಕೂತಿದ್ದೆ. ಆಗ ನೀರು ಮೂರು ದಿನಕ್ಕೊಮ್ಮೆ. ವಾಲ್ವ್ ತಿರುಗಿಸುವ ಸೊಣ್ಣಪ್ಪ ಯಾವ ಹೊತ್ತಿಗೆ ಬರುತ್ತಾನೋ ಯಾರಿಗೂ ಗೊತ್ತಿರಲಿಲ್ಲ. ಬೀದಿಯ ತುದಿಗೆ ಹೋಗಿ ಅವನ ಸೈಕಲ್ ನೋಡಿಬಂದು ಹತ್ತು ಮನೆಗೆ ಕೂಗಿ ಹೇಳುವ ಕೆಲಸ ನನ್ನದಾಗಿತ್ತು. ನನಗೆ ಕೂಗಲು ಬಾರದು. ಒಂದೊಂದೇ ಬಾಗಿಲು ಮೆಲ್ಲಗೆ ತಟ್ಟುತ್ತಿದ್ದೆ. ಕೊನೆಯ ಮನೆ ಮುಟ್ಟುವಷ್ಟರಲ್ಲಿ ನೀರು ನಿಂತಿರುತ್ತಿತ್ತು. ಮೆಟ್ಟಿಲ ಮೇಲಿಂದ ಅದನ್ನು ನೋಡಿ ನೀವು ನಕ್ಕಿರಿ. "ಕೂಗಾಕ ಬರೂದಿಲ್ಲಂದ್ರ ಬರಿಯಾಕರ ಬರ್ತದಲ್ಲ? ಬಾ ಮ್ಯಾಲ."

ಹಾಗೆ ಶುರುವಾಯಿತು. ಅದು ಇದು ಡೌನ್‌ಲೋಡ್ ಮಾಡಬೇಕೇನೋ ಎಂದು ನಾನು ಕೇಳಿದರೆ ತಲೆಯಾಡಿಸಿದಿರಿ. "ಹೊರಗಿಂದೇನೂ ತರೂದು ಬ್ಯಾಡ. ಭಾಷಿ ಜೋಡಿ ಬಂದದ್ದರಾಗ ಮಾಡೂಣು. ಮನ್ಯಾಗ ಹಿಟ್ಟು, ಖಾರ, ಉಪ್ಪು ಇದ್ದಾಗ ಅಂಗಡಿಗ್ಯಾಕ ಓಡ್ತಿ?" ಪೈಥಾನ್ ಎಂಬ ಆ ಕಂಪ್ಯೂಟರ್ ಭಾಷೆಯ ಜೊತೆಗೇ ಬರುವ ಸಾಮಾನಿನಲ್ಲಿ ಒಂದು ಪುಟದಷ್ಟು ಬರೆದದ್ದಕ್ಕೇ ನಮ್ಮ ಅಡುಗೆಮನೆಯ ಲ್ಯಾಪ್‌ಟಾಪಿನಲ್ಲಿ ಸರ್ವರ್ ಎದ್ದು ನಿಂತಿತು. ಕೇಳಿದವರಿಗೆ ಉತ್ತರ ಕೊಡುವುದು ಅದರ ಕೆಲಸ. ಕೇಳುವ ಪ್ರೋಗ್ರಾಮನ್ನು, ನಿಮ್ಮ ಮಾತಿನಲ್ಲಿ ಕ್ಲೈಂಟನ್ನು, ನಾನು ಬರೆದೆ. ಅದು ನಿಮ್ಮ ಕಂಪ್ಯೂಟರಿನಲ್ಲಿ ಕೂತು ಐದು ನಿಮಿಷಕ್ಕೊಮ್ಮೆ 'ನೀರು ಬಂತಾ?' ಎನ್ನುತ್ತಿತ್ತು, ಬಂದಿದ್ದರೆ ಗಂಟೆ ಬಾರಿಸುತ್ತಿತ್ತು. ಕೇಳುವವರು ತಮ್ಮ ಹೆಸರು ಹೇಳಿ ಕೇಳಬೇಕು ಎಂದಿರಿ. 'ಮಹಡಿ' ಎಂದು ಹೆಸರಿಟ್ಟೆ. ಅದು ಕೇಳಿದಾಗಲೆಲ್ಲ ಹೆಸರು, ಹೊತ್ತು ಸರ್ವರಿನ ಪರದೆಯ ಮೇಲೆ ಒಂದು ಸಾಲಾಗಿ ಬೀಳುತ್ತಿತ್ತು. ಉಳಿದ ಮನೆಯವರು ಫೋನಿನಲ್ಲಿ ಪುಟ ತೆರೆದು ನೋಡುತ್ತಿದ್ದರು. ಯಶವಂತಪುರಕ್ಕೆ ಕೆಲಸಕ್ಕೆ ಹೋಗುವ ಸುಮಕ್ಕನಿಗೂ ಕಾಣಲಿ ಎಂದು ಅದನ್ನು ಹೊರಗಿನಿಂದಲೂ ನೋಡುವಂತೆ ನೀವೇ ಮಾಡಿಟ್ಟಿರಿ. ಸೊಣ್ಣಪ್ಪನ ಸೈಕಲ್ ಕಂಡಕೂಡಲೇ ನಾನು ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಮೊದಲ ದಿನ ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದುಕೊಂಡವು, ಬಿಂದಿಗೆ ಬಕೆಟ್ಟುಗಳು ಹೊರಗೆ ಬಂದವು. ನಾನು ಬಾಯಿ ತೆರೆದಿರಲೇ ಇಲ್ಲ.

ಒಂದು ಮಾತು ನೀವು ಎರಡು ಸಲ ಹೇಳಿದ್ದಿರಿ. "ಉತ್ತರಕ್ಕ ಎಷ್ಟೊತ್ತು ಕಾಯಬೇಕು ಅಂತ ಕ್ಲೈಂಟಿನಾಗ ಬರಿಯವಾ. ಇಲ್ಲಂದ್ರ ಅದು ಸುಮ್ಕ ಕುಂತೇ ಬಿಡ್ತದ." ನಾನು ಬರೆಯಲಿಲ್ಲ. ಮರೆತೆನೆಂದು ನೀವು ತಿಳಿದಿರಿ. ಮರೆತಿರಲಿಲ್ಲ ಅಕ್ಕ. ಒಬ್ಬರನ್ನು ಏನೋ ಕೇಳಿ, ಹತ್ತು ಸೆಕೆಂಡು ನೋಡಿ ಎದ್ದುಹೋಗುವುದು ಒರಟುತನ ಅನ್ನಿಸಿತ್ತು.

ಆ ಡಿಸೆಂಬರ್ ಅವರೆಕಾಯಿ ಕಾಲ. ಅಜ್ಜಿ ಲ್ಯಾಪ್‌ಟಾಪ್ ಮಡಚಿ ಅದರ ಮೇಲೆ ಅವರೆಕಾಳಿನ ಮೊರ ಇಟ್ಟಳು. ಸರ್ವರ್ ನಿದ್ದೆಹೋಯಿತು. ಮೇಲೆ ನನ್ನ ಕ್ಲೈಂಟು ಉತ್ತರಕ್ಕೆ ಕಾಯುತ್ತಾ, ಏನೋ ತಪ್ಪಾಗಿದೆ ಎಂದೂ ಹೇಳದೆ ಕೂತಿತು. ಕಣ್ಣಿನ ಆಪರೇಷನ್ ಆಗಿದ್ದ ನಿಮ್ಮ ಅವ್ವ ನೀಲಕ್ಕನವರಿಗೆ, ಕಂಪ್ಯೂಟರ್ ಗಂಟೆ ಬಾರಿಸಿದಾಗ ನಲ್ಲಿ ತಿರುಗಿಸಿ ಎಂದು ಹೇಳಿ ನೀವು ಕಾಲೇಜಿಗೆ ಹೋಗಿದ್ದಿರಿ. ಗಂಟೆ ಬಾರಿಸಲಿಲ್ಲ, ನೀರು ಬಂದು ಹೋಯಿತು. ಮಧ್ಯಾಹ್ನ ಅವರು ಬಿಂದಿಗೆ ಹಿಡಿದು ಕೆಳಗಿಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದರು, ಮಣಿಕಟ್ಟು ಮುರಿಯಿತು.

ನಿಮಗೆ ಗೊತ್ತಿಲ್ಲದ್ದು ಇಷ್ಟು. ಅವತ್ತು ನಾನು ಗುಂಡಿ ಒತ್ತಲು ಹೋದಾಗ ಪುಟ ತೆರೆಯಲೇ ಇಲ್ಲ. ಮತ್ತೆ ಬಾಗಿಲು ತಟ್ಟುತ್ತಾ ಹೋದೆ. ನಿಮ್ಮ ಹತ್ತು ಮೆಟ್ಟಿಲು ಮಾತ್ರ ಹತ್ತಲಿಲ್ಲ. ನೀಲಕ್ಕನವರು ಮಲಗಿರಬಹುದು, ಎಬ್ಬಿಸಿದರೆ ಏನೆಂದುಕೊಳ್ಳುತ್ತಾರೋ ಎಂದು ಕೆಳಗೇ ನಿಂತು ವಾಪಸು ಬಂದೆ.

ಸಂಜೆ ನೀವು ಬೈಯಲಿಲ್ಲ. "ತಪ್ಪು ಆಗ್ತಾವ. ಆದ್ರ ಕೇಳಿದವರಿಗೆ ಏನರ ಒಂದು ಹೇಳಬೇಕವಾ. ಗೊತ್ತಿಲ್ಲ ಅಂದರೂ ನಡೀತದ," ಎಂದಿರಿ. ಕ್ಲೈಂಟಿನ ಬಗ್ಗೆ ಹೇಳಿದ್ದು. ಮಾರ್ಚಿನಲ್ಲಿ ನಿಮ್ಮ ಸಾಮಾನು ಟೆಂಪೋಗೆ ಏರುವಾಗ "ನಂದಿತಾ ಎಲ್ಲಿ?" ಎಂದು ಎರಡು ಸಲ ಕೇಳಿದಿರಿ. ಬಾಗಿಲ ಹಿಂದೆಯೇ ಇದ್ದೆ.

ಇವತ್ತು ಆರಿಸುವುದನ್ನು ಬಿಟ್ಟು ಹಳೆಯ ಸಾಲುಗಳನ್ನೆಲ್ಲ ಓದಿದೆ. ಪ್ರೋಗ್ರಾಮು ತಾನೇ ಓಡುತ್ತಿದ್ದರೆ ಐದು ನಿಮಿಷಕ್ಕೊಮ್ಮೆ ಕೇಳಬೇಕಿತ್ತು. ಇದು ದಿನಕ್ಕೆ ಒಂದೇ ಸಲ, ಒಂದೊಂದು ದಿನ ಒಂದೊಂದು ಹೊತ್ತಿಗೆ, ಭಾನುವಾರ ತಡವಾಗಿ. ನೀವು ಧಾರವಾಡದಿಂದ ಕೈಯಾರೆ ಕೇಳುತ್ತಿದ್ದೀರಿ. ಪೈಪು ಬಂದಮೇಲೆ ಇಲ್ಲಿ ಗುಂಡಿ ಒತ್ತುವವರಿಲ್ಲ. ಹಾಗಾಗಿ ಏಳು ತಿಂಗಳಿಂದ ನನ್ನ ಸರ್ವರ್ ನಿಮಗೆ ದಿನವೂ 'ಇನ್ನೂ ಇಲ್ಲ' ಎಂದೇ ಹೇಳಿದೆ. ನೀವು ಮರುದಿನ ಮತ್ತೆ ಕೇಳಿದ್ದೀರಿ.

ಜಾಡಿಗೆ ಬೇರೆ ಜಾಗ ಹುಡುಕಿಕೊಟ್ಟೆ. ಸರ್ವರಿಗೆ ನಾಲ್ಕು ಸಾಲು ಸೇರಿಸಿದ್ದೇನೆ, ಹೊರಗಿನಿಂದ ಏನೂ ತರಲಿಲ್ಲ. ನಾಳೆ 'ಮಹಡಿ' ಕೇಳಿದಾಗ ಉತ್ತರವಾಗಿ ಈ ಕಾಗದವೇ ಬರುತ್ತದೆ. ಈ ಸಲ ಎಷ್ಟು ಕಾಯಬೇಕೆಂದೂ ಬರೆದುಕೊಂಡಿದ್ದೇನೆ: ಶುಕ್ರವಾರ ಸಂಜೆಯವರೆಗೆ. ಅಷ್ಟರಲ್ಲಿ ನೀವು ಫೋನ್ ಮಾಡಿದರೆ ಎತ್ತುತ್ತೇನೆ. ಮಾಡದಿದ್ದರೂ ಶನಿವಾರ ಯಶವಂತಪುರದಲ್ಲಿ ಧಾರವಾಡದ ರೈಲು ಹತ್ತುತ್ತೇನೆ. ಮೆಟ್ಟಿಲ ಕೆಳಗೆ ನಿಂತು ಹಿಂದಿರುಗಿದ್ದನ್ನು ನೀಲಕ್ಕನವರ ಎದುರಿಗೇ ಹೇಳಬೇಕು.

ಅವರ ಕೈಗೆ ನೋವಿಲ್ಲದಿರಲಿ, ನಿಮ್ಮ ಬೆಳಗುಗಳು ಚೆನ್ನಾಗಿರಲಿ. ನೀರು ಬಂದಿದೆ ಅಕ್ಕ.

ನಿಮ್ಮ ಕೆಳಮನೆಯ
ನಂದಿತಾ